ಎಂಟು ಬೈಟ್‌ಗಳ ಜಾಡು: ಡರ್ಟಿ ಪೈಪ್ ಪ್ರಕರಣ

2021ರ ಏಪ್ರಿಲ್ 29ರಂದು ಜರ್ಮನಿಯ ಸಿಎಂಫೋರ್‌ಆಲ್ ಎಂಬ ವೆಬ್ ಹೋಸ್ಟಿಂಗ್ ಕಂಪನಿಯಲ್ಲಿ ಒಂದು ದೂರು ದಾಖಲಾಯಿತು. ಗ್ರಾಹಕರೊಬ್ಬರು ತಮ್ಮ ವೆಬ್‌ಸೈಟಿನ ಆಕ್ಸೆಸ್ ಲಾಗ್, ಅಂದರೆ ಅಲ್ಲಿಗೆ ಬಂದ ಕೋರಿಕೆಗಳ ದಾಖಲೆ, ಡೌನ್‌ಲೋಡ್ ಮಾಡಿಕೊಂಡಿದ್ದರು, ಅದು ಬಿಚ್ಚಿಕೊಳ್ಳುತ್ತಿರಲಿಲ್ಲ. ಅಲ್ಲಿನ ಪ್ರೋಗ್ರಾಮರ್ ಮ್ಯಾಕ್ಸ್ ಕೆಲ್ಲರ್‌ಮನ್ ಸರ್ವರ್‌ನಲ್ಲಿದ್ದ ಮೂಲ ಫೈಲನ್ನು ತೆಗೆದು ನೋಡಿದರು. ಒಳಗಿನ ಸಾಲುಗಳೆಲ್ಲ ಸರಿಯಾಗಿದ್ದವು. ಕೊನೆಯಲ್ಲಿ ಮಾತ್ರ ಫೈಲ್ ಕುಗ್ಗಿಸುವ, ಬಿಚ್ಚುವ ಪ್ರೋಗ್ರಾಂ ಜಿಜಿಪ್ ತಕರಾರು ತೆಗೆಯುತ್ತಿತ್ತು: ಸಿಆರ್‌ಸಿ, ಅಂದರೆ ಸರಕು ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ, ತಾಳೆಯಾಗುತ್ತಿಲ್ಲ. ರಾತ್ರಿ ಓಡುವ ಲಾಗ್ ವಿಂಗಡಣೆಯ ಕೆಲಸ ನಡುವೆ ಎಲ್ಲೋ ಕುಸಿದು ಬಿದ್ದಿರಬೇಕು ಎಂದುಕೊಂಡು ಅವರು ಆ ಸಿಆರ್‌ಸಿಯನ್ನು ಕೈಯಿಂದಲೇ ತಿದ್ದಿ ಟಿಕೆಟ್ ಮುಚ್ಚಿದರು.

ಸುಮಾರು ಹತ್ತು ತಿಂಗಳಾದ ಮೇಲೆ ಅದೇ ದೂರಿನ ಬೇರು ಲಿನಕ್ಸ್ ಕರ್ನಲ್‌ನೊಳಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿನೊಳಗೆ, ಸಿಕ್ಕಿತು. ಆ ಬಗ್‌ಗೆ ಈಗ ಡರ್ಟಿ ಪೈಪ್ ಎಂದು ಹೆಸರು, ಭದ್ರತಾ ದೋಷಗಳ ದಾಖಲೆಯಲ್ಲಿ ಸಿವಿಇ-2022-0847. ಅದರಿಂದ ಏನೇನು ಹಾಳಾಗಬಹುದಿತ್ತು ಎಂಬುದರ ಸುತ್ತಲೇ ಆಗ ಸುದ್ದಿಗಳು ಓಡಾಡಿದವು. ನನಗೆ ಅದಕ್ಕಿಂತ ಹೆಚ್ಚು ಮುಖ್ಯವೆನಿಸುವುದು ಅದನ್ನು ಹುಡುಕಿದ ದಾರಿ. ನಾಲ್ಕು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಕೈಗಳು ಮಾಡಿದ ಎರಡು ಬದಲಾವಣೆಗಳು ಒಂದರ ಮೇಲೊಂದು ಕೂತಾಗ ಈ ಬಗ್‌ಗೆ ಜೀವ ಬಂತು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಯಾರಿಗೂ ತೊಂದರೆ ಕೊಡುವಂಥವಲ್ಲ. ಇಂಥ ಬಗ್‌ನಲ್ಲಿ ತಪ್ಪು ಕಾಣಿಸಿಕೊಂಡ ಜಾಗ ಒಂದು, ತಪ್ಪು ಕೂತಿರುವ ಜಾಗ ಇನ್ನೊಂದು. ಎರಡನ್ನೂ ಬೇರೆ ಮಾಡಿ ನೋಡಿದ್ದರಿಂದಲೇ ಪ್ಯಾಚ್, ಅಂದರೆ ತಿದ್ದುಪಡಿ, ಸರಿಯಾದ ಕಡೆ ಬಿತ್ತು.

ಲಾಗ್ ಸರ್ವರ್‌ನ ಕೆಲಸ

ಮೊದಲು ಆ ಕಂಪನಿಯ ವ್ಯವಸ್ಥೆ ಹೇಗಿತ್ತೆಂದು ನೋಡಬೇಕು, ಸುಳಿವುಗಳೆಲ್ಲ ಅದರೊಳಗೇ ಇವೆ. ಅಲ್ಲಿನ ವೆಬ್ ಸರ್ವರ್‌ಗಳು ಪ್ರತಿ ಕೋರಿಕೆಯ ವಿವರವನ್ನೂ ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದ ಮೂಲಕ ಲಾಗ್ ಸರ್ವರ್‌ಗಳಿಗೆ ಕಳಿಸುತ್ತವೆ. ರಾತ್ರಿ ಒಂದು ಪ್ರೋಗ್ರಾಂ ಎದ್ದು, ಹಿಂದಿನ ದಿನದ ಲಾಗನ್ನು ವೆಬ್‌ಸೈಟ್‌ವಾರು ಬೇರ್ಪಡಿಸಿ, ಒಂದೊಂದನ್ನೂ ಜೆಡ್‌ಲಿಬ್ ಎಂಬ ಲೈಬ್ರರಿ ಬಳಸಿ ಕುಗ್ಗಿಸಿ ಡಿಸ್ಕಿನಲ್ಲಿಡುತ್ತದೆ. ದಿನಕ್ಕೊಂದು ಫೈಲ್.

ಗ್ರಾಹಕರು ಕೇಳುವುದು ಇಡೀ ತಿಂಗಳ ಲಾಗ್. ಇಲ್ಲಿ ಒಂದು ಜಾಣತನದ ಏರ್ಪಾಡು ಇದೆ. ದಿನದ ಫೈಲ್‌ಗಳನ್ನು ಕುಗ್ಗಿಸುವಾಗಲೇ ಒಂದರ ಹಿಂದೆ ಇನ್ನೊಂದನ್ನು ಜೋಡಿಸಲು ಬರುವಂತೆ ಕುಗ್ಗಿಸಿರುತ್ತಾರೆ. ಹಾಗಾಗಿ ತಿಂಗಳ ಫೈಲ್ ಕೊಡಲು ಯಾವುದನ್ನೂ ಬಿಚ್ಚಿ ಮತ್ತೆ ಕುಗ್ಗಿಸಬೇಕಿಲ್ಲ, ಸಾಲಾಗಿ ಕಳಿಸುತ್ತಾ ಹೋದರೆ ಸಾಕು. ವಿಂಡೋಸ್ ಬಳಸುವವರಿಗೆ ಜಿಜಿಪ್ ಬಿಚ್ಚುವುದು ಕಷ್ಟವೆಂದು ಅದನ್ನೇ ಜಿಪ್ ಫೈಲಾಗಿಯೂ ಕೊಡುತ್ತಾರೆ. ಮೊದಲು ಒಂದು ಜಿಪ್ ಶೀರ್ಷಿಕೆ, ಆಮೇಲೆ ದಿನದ ಫೈಲ್‌ಗಳ ಒಳಸರಕು, ಕೊನೆಗೆ ಜಿಪ್‌ನ ವಿಷಯಸೂಚಿ. ಇದೆಲ್ಲ ಕೋರಿಕೆ ಬಂದ ಹೊತ್ತಿಗೇ ತಯಾರಾಗುತ್ತದೆ.

ಫೈಲಿನಿಂದ ನೆಟ್‌ವರ್ಕಿಗೆ ಸರಕು ಸಾಗಿಸಲು ಬಳಸಿದ್ದು ಸ್ಪ್ಲೈಸ್ ಎಂಬ ಸಿಸ್ಟಂ ಕಾಲ್, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ. 2006ರಲ್ಲಿ ಲಿನಕ್ಸ್‌ಗೆ ಬಂದ ಇದು ಫೈಲಿನ ಬೈಟ್‌ಗಳನ್ನು ಪ್ರೋಗ್ರಾಮಿನ ಮೆಮೊರಿಗೆ ನಕಲು ಮಾಡುವುದಿಲ್ಲ. ಕರ್ನಲ್ ಆ ಫೈಲಿಗೆಂದು ಮೆಮೊರಿಯಲ್ಲಿ ಇಟ್ಟುಕೊಂಡಿರುವ ಪುಟ ಯಾವುದೋ, ಅಂದರೆ ಪೇಜ್ ಕ್ಯಾಶಿನ ಪುಟ, ಅದರ ವಿಳಾಸವನ್ನಷ್ಟೇ ಪೈಪಿಗೆ, ಅಂದರೆ ಒಂದು ತುದಿಯಲ್ಲಿ ಬರೆದದ್ದು ಇನ್ನೊಂದು ತುದಿಯಲ್ಲಿ ಓದಲು ಸಿಗುವ ಕರ್ನಲ್‌ನ ಕೊಳವೆಗೆ, ಕೊಡುತ್ತದೆ. ನಕಲಿನ ಶ್ರಮ ಉಳಿಯುತ್ತದೆ. ಪೇಜ್ ಕ್ಯಾಶಿನ ಪುಟ ಎಲ್ಲರಿಗೂ ಸೇರಿದ್ದು. ಆ ಫೈಲನ್ನು ಆಮೇಲೆ ಯಾರೇ ಓದಿದರೂ ಅವರಿಗೆ ಕಾಣುವುದು ಅದೇ ಪುಟ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಕೊನೆಯ ಎಂಟು ಬೈಟ್

ಮೊದಲ ದೂರಿನ ಬಳಿಕ ತಿಂಗಳುಗಳು ಕಳೆದವು. ಅಂಥದೇ ಇನ್ನೊಂದು ದೂರು ಬಂತು, ಮತ್ತೊಂದು ಬಂತು. ಪ್ರತಿ ಸಲವೂ ಲಾಗ್ ಸರಿ, ಬಾಲ ಮಾತ್ರ ಕೆಟ್ಟಿದೆ. ಒಂದೇ ಫೈಲ್ ಕೈಯಲ್ಲಿದ್ದಾಗ ಹೊಳೆಯದ್ದು ನಾಲ್ಕಾರು ಫೈಲ್‌ಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಕೆಲ್ಲರ್‌ಮನ್ ಆ ಬಾಲಗಳನ್ನು ಬೈಟ್ ಬೈಟಾಗಿ ಓದಿದರು.

ಜಿಜಿಪ್ ಫೈಲಿನ ಕೊನೆಯ ಎಂಟು ಬೈಟ್‌ಗಳಲ್ಲಿ ಮೊದಲ ನಾಲ್ಕು ಸಿಆರ್‌ಸಿ, ಉಳಿದ ನಾಲ್ಕು ಬಿಚ್ಚಿದ ಸರಕಿನ ಉದ್ದ. ಕೆಟ್ಟ ಫೈಲ್‌ಗಳಲ್ಲಿ ಆ ಎಂಟರ ಜಾಗದಲ್ಲಿದ್ದವು, ಹದಿನಾರರ ಆಧಾರದ ಸಂಖ್ಯೆಗಳಲ್ಲಿ ಬರೆದರೆ, ಇವು: 50, 4ಬಿ, 01, 02, 1ಇ, 03, 14, 00. ಉದ್ದದ ಜಾಗದಲ್ಲಿ ಬಿದ್ದದ್ದನ್ನು ಉದ್ದವೆಂದೇ ಓದಿದರೆ 13 ಲಕ್ಷ ಬೈಟ್ ದಾಟುತ್ತದೆ. ಸರಿಯಿದ್ದ ಒಂದು ದಿನದ ಫೈಲಿನಲ್ಲಿ ಅದೇ ಜಾಗದಲ್ಲಿ ಬರೆದಿದ್ದ ಉದ್ದ 19,191.

50 ಮತ್ತು 4ಬಿ ಆಸ್ಕಿ ಎಂಬ ಅಕ್ಷರ ಸಂಕೇತದ ಲೆಕ್ಕದಲ್ಲಿ ‘ಪಿ’ ಮತ್ತು ‘ಕೆ’. ಜಿಪ್ ಫೈಲಿನ ಒಳಗಿನ ಪ್ರತಿ ಶೀರ್ಷಿಕೆಯೂ ಈ ಎರಡು ಅಕ್ಷರಗಳಿಂದಲೇ ಶುರುವಾಗುತ್ತದೆ. ನಂತರದ 01, 02 ಎಂದರೆ ವಿಷಯಸೂಚಿಯ ಶೀರ್ಷಿಕೆ. 1ಇ, 03 ಎಂದರೆ ಯುನಿಕ್ಸ್ ಮೇಲೆ ಜಿಪ್‌ನ 3.0 ಆವೃತ್ತಿ ತಯಾರಿಸಿದ್ದು. 14, 00 ಎಂದರೆ ಬಿಚ್ಚಲು 2.0 ಆವೃತ್ತಿ ಸಾಕು. ಎಂಟಕ್ಕೆ ಎಂಟೂ ಅರ್ಥಪೂರ್ಣ. ಕೆಟ್ಟ ರ‍್ಯಾಮ್ ಅಥವಾ ಹಳೇ ಡಿಸ್ಕ್ ಇಷ್ಟು ಒಪ್ಪವಾಗಿ ಬರೆಯುವುದಿಲ್ಲ. ಯಾವುದೋ ಪ್ರೋಗ್ರಾಂ ಬರೆದ ಜಿಪ್ ವಿಷಯಸೂಚಿಯ ತಲೆ ಇದು, ಬಂದು ಬಿದ್ದಿರುವುದು ಜಿಜಿಪ್ ಫೈಲಿನ ಬಾಲದಲ್ಲಿ.

ಇಲ್ಲಿ ತನಿಖೆ ಗೋಡೆಗೆ ಬಂದು ನಿಂತಿತು. ದಿನದ ಫೈಲ್ ಬರೆಯುವ ಪ್ರೋಗ್ರಾಮಿನಲ್ಲಿ ಜಿಪ್ ಶೀರ್ಷಿಕೆ ತಯಾರಿಸುವ ಕೋಡೇ ಇಲ್ಲ. ಅದು ಬಳಸುವ ಲೈಬ್ರರಿಗಳ ಮೂಲವನ್ನೆಲ್ಲ ಜಾಲಾಡಿದರೂ ಇಲ್ಲ. ಜಿಪ್ ಶೀರ್ಷಿಕೆ ತಯಾರಿಸುವುದು ಡೌನ್‌ಲೋಡ್ ಕೊಡುವ ವೆಬ್ ಸೇವೆ ಮಾತ್ರ. ಅದು ಓಡುವುದೋ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ, ಈ ಫೈಲ್‌ಗಳನ್ನು ಓದಲು ಮಾತ್ರ ಅದಕ್ಕೆ ಅನುಮತಿ. ಬರೆಯಬಲ್ಲವನಿಗೆ ಆ ಬೈಟ್‌ಗಳು ಗೊತ್ತಿಲ್ಲ, ಆ ಬೈಟ್‌ಗಳು ಗೊತ್ತಿರುವವನಿಗೆ ಬರೆಯಲು ಬರುವುದಿಲ್ಲ.

ಅವರು ಡಿಸ್ಕನ್ನು ಪೂರ್ತಿ ಶೋಧಿಸಿದರು. ಹಿಂದಿನ ಮೂರು ತಿಂಗಳಲ್ಲಿ ಕೆಟ್ಟ ಫೈಲ್‌ಗಳು 37 ಸಿಕ್ಕವು. ಹೆಚ್ಚಿನವು ತಿಂಗಳ ಕೊನೆಯ ದಿನದವು. ಜಿಪ್ ಕೊಡುವಾಗ ಕೊನೆಯ ದಿನದ ಫೈಲ್ ಮುಗಿದ ಕೂಡಲೇ ಬರುವುದು ವಿಷಯಸೂಚಿಯ ಶೀರ್ಷಿಕೆಯಲ್ಲವೇ? ಇನ್ನೊಂದು ಸಾಕ್ಷ್ಯ ಇದಕ್ಕಿಂತ ಗಟ್ಟಿ. ಕಂಪನಿಯಲ್ಲಿ ಎರಡನೆಯ ಲಾಗ್ ಸರ್ವರ್ ಇತ್ತು, ಅದರಲ್ಲೂ ಅದೇ ರಾತ್ರಿ ಕೆಲಸ ಓಡುತ್ತಿತ್ತು, ಅದೇ ಫೈಲ್‌ಗಳು ತಯಾರಾಗುತ್ತಿದ್ದವು. ಆದರೆ ಅದು ಕಾದಿರಿಸಿದ ಸರ್ವರ್, ಗ್ರಾಹಕರಿಗೆ ಅಲ್ಲಿಂದ ಡೌನ್‌ಲೋಡ್ ಹೋಗುತ್ತಿರಲಿಲ್ಲ. ಅದರಲ್ಲಿ ಕೆಟ್ಟ ಫೈಲ್ ಒಂದೂ ಇರಲಿಲ್ಲ.

ಈ ಹೋಲಿಕೆಯೊಂದಿಗೆ ಪ್ರಕರಣ ಅರ್ಧ ಬಗೆಹರಿಯಿತೆಂದು ನನ್ನ ಎಣಿಕೆ. ಬರೆಯುವ ಪ್ರೋಗ್ರಾಂ ಎರಡೂ ಕಡೆ ಇದೆ, ಹಾನಿ ಒಂದೇ ಕಡೆ. ಉಳಿದದ್ದು ಓದುವ ಪ್ರೋಗ್ರಾಂ. ಓದುವವನು ಅನುಮತಿಯಿಲ್ಲದೆ ಬರೆಯುತ್ತಿದ್ದಾನೆಂದರೆ ಅನುಮತಿ ಕಾಯಬೇಕಾದ ಕರ್ನಲ್ಲೇ ಎಡವಿದೆ ಎಂದಾಯಿತು. ಆದರೂ ಹಾಗೆ ಹೇಳಲು ಧೈರ್ಯ ಬೇಕು. ತಮ್ಮ ಕೋಡಿನ ತಪ್ಪನ್ನು ಕರ್ನಲ್ ಮೇಲೆ ಹೊರಿಸಿದವರು ನೂರಕ್ಕೆ ತೊಂಬತ್ತೊಂಬತ್ತು ಸಲ ಸೋತಿರುತ್ತಾರೆ. ಕೆಲ್ಲರ್‌ಮನ್ ಕೂಡ ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲಷ್ಟೇ ಆ ಕಡೆ ತಿರುಗಿದರು.

ಎರಡು ಪುಟ್ಟ ಪ್ರೋಗ್ರಾಂ

ತಿರುಗಿದ ಮೇಲೆ ಮಾಡಿದ ಕೆಲಸವೇ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ಜಿಪ್ ಇಲ್ಲ, ಜಿಜಿಪ್ ಇಲ್ಲ, ವೆಬ್ ಸರ್ವರ್ ಇಲ್ಲ, ಕಂಪನಿಯ ಕೋಡು ಒಂದು ಸಾಲೂ ಇಲ್ಲ. ಸಿ ಭಾಷೆಯಲ್ಲಿ ಬೆರಳೆಣಿಕೆಯ ಸಾಲುಗಳ ಎರಡು ಪ್ರೋಗ್ರಾಂ ಬರೆದರು. ಒಂದನೆಯದು ಒಂದು ಫೈಲಿಗೆ ಐದು ‘ಎ’ಗಳನ್ನು ಬರೆಯುತ್ತಲೇ ಇರುತ್ತದೆ. ಎರಡನೆಯದು ಆ ಫೈಲನ್ನು ಓದಲಷ್ಟೇ ತೆರೆದು, ಸ್ಪ್ಲೈಸ್ ಮೂಲಕ ಎರಡೆರಡು ಬೈಟ್ ಪೈಪಿಗೆ ಹಾಕಿ, ಪ್ರತಿ ಸಲವೂ ಹಿಂದೆಯೇ ಐದು ‘ಬಿ’ಗಳನ್ನು ಪೈಪಿಗೆ ಬರೆಯುತ್ತದೆ. ಪೈಪಿನ ಇನ್ನೊಂದು ತುದಿಯಲ್ಲಿ ಬಂದದ್ದನ್ನೆಲ್ಲ ಎಸೆಯುವ ವ್ಯವಸ್ಥೆ.

ಫೈಲಿನಲ್ಲಿ ‘ಎ’ ಮಾತ್ರ ಇರಬೇಕು. ತೆಗೆದು ನೋಡಿದರೆ ‘ಬಿ’ಗಳೂ ಇದ್ದವು. ‘ಬಿ’ ಬರೆದ ಪ್ರೋಗ್ರಾಂ ಆ ಫೈಲಿಗೆ ಒಂದಕ್ಷರವನ್ನೂ ಬರೆದಿಲ್ಲ, ಬರೆದದ್ದು ಪೈಪಿಗೆ. 2022ರ ಫೆಬ್ರವರಿ 19ರಂದು ಇದು ಕರ್ನಲ್‌ನ ಬಗ್ ಎಂಬುದು ಖಚಿತವಾಯಿತು.

ತಿಂಗಳಲ್ಲಿ ಕೆಲವೇ ಸಲ, ಅದೂ ಯಾರೋ ಜಿಪ್ ಇಳಿಸಿಕೊಂಡಾಗ ಮಾತ್ರ ಕಾಣುತ್ತಿದ್ದ ದೋಷ ಈಗ ಬೇಕೆಂದಾಗ ಬರುವಂತಾಯಿತು. ಇದಾದ ಮೇಲೆ ಉಳಿದದ್ದನ್ನು ಯಂತ್ರಕ್ಕೇ ಬಿಡಬಹುದು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಬಸ್ಟರ್ ಆವೃತ್ತಿಯ 4.19 ಕರ್ನಲ್‌ನಲ್ಲಿ ದೋಷ ಇಲ್ಲ, ಡೆಬಿಯನ್ ಬುಲ್ಸ್‌ಐನ 5.10ರಲ್ಲಿ ಇದೆ. ಎರಡರ ನಡುವೆ 1,85,011 ಕಮಿಟ್‌ಗಳು, ಅಂದರೆ ದಾಖಲಾದ ಕೋಡ್ ಬದಲಾವಣೆಗಳು. ಗಿಟ್ ಬೈಸೆಕ್ಟ್ ಎಂಬ ಹುಡುಕಾಟದ ಸಲಕರಣೆ ಪ್ರತಿ ಸಲ ನಡುವಿನ ಕಮಿಟ್ ಒಂದನ್ನು ಕೊಡುತ್ತದೆ. ಕರ್ನಲ್ ಕಟ್ಟಿ, ಬೂಟ್ ಮಾಡಿ, ಪ್ರೋಗ್ರಾಂ ಓಡಿಸಿ, ಇದೆ ಅಥವಾ ಇಲ್ಲ ಎಂದು ಹೇಳಬೇಕು. ಅರ್ಧ ಅರ್ಧ ಮಾಡುತ್ತಾ ಹೋದರೆ 17 ಹಂತಗಳಲ್ಲಿ ಒಂದೇ ಕಮಿಟ್ ಉಳಿಯುತ್ತದೆ. ಹಾಗೆ ಉಳಿದದ್ದು 2020ರ 5.8 ಕರ್ನಲ್‌ನೊಳಗೆ ಸೇರಿದ ಒಂದು ಬದಲಾವಣೆ, ಪೈಪಿನ ಕೋಡನ್ನು ಸರಳಗೊಳಿಸಲು ಮಾಡಿದ್ದು.

ಪೈಪಿನೊಳಗೆ ನಡೆದದ್ದು

ಲಿನಕ್ಸ್‌ನಲ್ಲಿ ಪೈಪ್ ಎಂದರೆ ವೃತ್ತದಂತೆ ಸುತ್ತುವ ಕೆಲವು ಕೋಣೆಗಳು, ಸಾಮಾನ್ಯವಾಗಿ 16. ಒಂದೊಂದು ಕೋಣೆಯೂ ಮೆಮೊರಿಯ ಒಂದು ಪುಟವನ್ನು ತೋರಿಸುತ್ತದೆ, ಪುಟವೆಂದರೆ 4096 ಬೈಟ್. ಯಾರಾದರೂ ಐದು ಬೈಟ್ ಬರೆದರೆ ಕರ್ನಲ್ ಹೊಸ ಪುಟ ಕೊಟ್ಟು ಅಲ್ಲಿಡುತ್ತದೆ. ಅವನೇ ಮತ್ತೆ ಐದು ಬೈಟ್ ಬರೆದರೆ ಇನ್ನೊಂದು ಪುಟ ದಂಡ ಮಾಡದೆ ಮೊದಲಿನ ಪುಟದಲ್ಲೇ ಮುಂದುವರಿಸುತ್ತದೆ. ಹೀಗೆ ಸೇರಿಸುವುದು ಪೈಪಿನ ಸ್ವಂತ ಪುಟದಲ್ಲಿ ಸರಿ. ಸ್ಪ್ಲೈಸ್‌ನಿಂದ ಬಂದ ಪುಟ ಪೈಪಿನದಲ್ಲ, ಫೈಲಿನದು. ಅದಕ್ಕೆ ಯಾವ ಕಾರಣಕ್ಕೂ ಏನನ್ನೂ ಸೇರಿಸಬಾರದು.

ಸೇರಿಸಬಹುದೇ ಬಾರದೇ ಎಂದು ಗುರುತಿಸುವ ರೀತಿ ಕಾಲಕಾಲಕ್ಕೆ ಬದಲಾಗಿದೆ. ಶುರುವಿನಲ್ಲಿ ಪುಟದ ಜಾತಿಗೆ ತಕ್ಕಂತೆ ಒಂದು ಗುರುತು ಇತ್ತು, ಫೈಲಿನ ಪುಟಗಳ ಜಾತಿಗೆ ಅದು ಯಾವಾಗಲೂ ಸೊನ್ನೆ. 2019ರಲ್ಲಿ ಬಂದ 5.1ರಲ್ಲಿ ಆ ಗುರುತನ್ನು ತೆಗೆದು, ಇದು ಪೈಪಿನ ಸ್ವಂತ ಜಾತಿಯ ಪುಟವೇ ಎಂದು ನೇರವಾಗಿ ಹೋಲಿಸಿ ನೋಡುವಂತೆ ಮಾಡಿದರು. 5.8ರಲ್ಲಿ ಅದನ್ನೂ ಬಿಟ್ಟು ಪ್ರತಿ ಕೋಣೆಗೂ ಅದರದೇ ಫ್ಲ್ಯಾಗ್ ಕೊಟ್ಟರು: ‘ಸೇರಿಸಬಹುದು’ ಎಂಬ ಒಂದು ಬಿಟ್. ಬೈಸೆಕ್ಟ್ ಬೆರಳು ತೋರಿಸಿದ್ದು ಇದರತ್ತ.

ಆ ಕಮಿಟನ್ನು ಓದಿದರೆ ತಪ್ಪೇ ಕಾಣುವುದಿಲ್ಲ. ಪ್ರೋಗ್ರಾಂ ಪೈಪಿಗೆ ಬರೆದಾಗ ಫ್ಲ್ಯಾಗ್ ಏರುತ್ತದೆ, ಬರೆಯುವ ಮುನ್ನ ಫ್ಲ್ಯಾಗ್ ನೋಡಲಾಗುತ್ತದೆ. ಸ್ಪ್ಲೈಸ್ ದಾರಿಯಲ್ಲಿ ಫ್ಲ್ಯಾಗ್ ಏರಿಸುವವರು ಯಾರೂ ಇಲ್ಲ, ಹಾಗಾದರೆ ಅಲ್ಲಿ ಅದು ಇಳಿದೇ ಇರಬೇಕು. ಬರೆದವರು ಹಾಗೆ ನಂಬಿದ್ದು ಸಹಜ. ನಂಬಿಕೆ ಸುಳ್ಳಾಗಲು ಕಾರಣ 2016ರ ಒಂದು ಕಮಿಟ್, 4.9 ಕರ್ನಲ್‌ನದು. ಪೈಪಿನ ಕೋಣೆಗೆ ಪುಟ ತುಂಬಿಸುವ ಎರಡು ಹೊಸ ಫಂಕ್ಷನ್‌ಗಳನ್ನು ಅದು ತಂದಿತ್ತು. ಅವು ಯಾವ ಪುಟ, ಎಲ್ಲಿಂದ ಶುರು, ಎಷ್ಟು ಉದ್ದ ಎಂಬುದನ್ನೆಲ್ಲ ಬರೆಯುತ್ತಿದ್ದವು. ಫ್ಲ್ಯಾಗ್‌ಗಳ ಜಾಗವನ್ನು ಮಾತ್ರ ಸೊನ್ನೆ ಮಾಡುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಡಬ್ಬ ಖಾಲಿ ಮಾಡಿ ಬೇರೆ ಸಾಮಾನು ತುಂಬಿ, ಮೇಲೆ ಅಂಟಿಸಿದ್ದ ಹಳೇ ಚೀಟಿಯನ್ನು ಹಾಗೇ ಬಿಟ್ಟಂತೆ ಇದು. 2016ರಲ್ಲಿ ಆ ಚೀಟಿಯಲ್ಲಿ ಬರೆದಿರಬಹುದಾದ ಯಾವುದರಿಂದಲೂ ಅಪಾಯವಿರಲಿಲ್ಲ. ಆಗಿದ್ದ ಫ್ಲ್ಯಾಗ್‌ಗಳೆಲ್ಲ ಸಾಧುವಾದವು. ನಾಲ್ಕು ವರ್ಷದ ನಂತರ ‘ಸೇರಿಸಬಹುದು’ ಎಂಬ ಹೊಸ ಫ್ಲ್ಯಾಗ್ ಬಂತು, ಮತ್ತು ಅದೇ ಉಳಿದುಕೊಳ್ಳತೊಡಗಿತು.

ಈಗ ಲಾಗ್ ಸರ್ವರ್‌ಗೆ ಮರಳಿದರೆ ಎಲ್ಲವೂ ಕೂಡಿಬರುತ್ತದೆ. ವೆಬ್ ಸೇವೆ ಮೊದಲು ಜಿಪ್ ಶೀರ್ಷಿಕೆಯನ್ನು ಪೈಪಿಗೆ ಬರೆಯುತ್ತದೆ, ಆ ಕೋಣೆಯ ಫ್ಲ್ಯಾಗ್ ಏರುತ್ತದೆ. ಶೀರ್ಷಿಕೆ ಓದಿಹೋಗುತ್ತದೆ, ಕೋಣೆ ಖಾಲಿಯಾಗುತ್ತದೆ, ಫ್ಲ್ಯಾಗ್ ಉಳಿಯುತ್ತದೆ. ಸ್ಪ್ಲೈಸ್ ಸುತ್ತುತ್ತಾ ಬಂದು ಫೈಲಿನ ಕೊನೆಯ ಪುಟವನ್ನು ಅದೇ ಕೋಣೆಯಲ್ಲಿ ಇಟ್ಟಿತೆನ್ನಿ. ತಕ್ಷಣ ಸೇವೆ ವಿಷಯಸೂಚಿಯ ಶೀರ್ಷಿಕೆ ಬರೆಯುತ್ತದೆ. ಹಿಂದಿನ ಪುಟ ಇನ್ನೂ ಪೈಪಿನಲ್ಲೇ ಇದ್ದರೆ ಕರ್ನಲ್ ಫ್ಲ್ಯಾಗ್ ನೋಡಿ, ಸೇರಿಸಬಹುದೆಂದುಕೊಂಡು, ಬೈಟ್‌ಗಳನ್ನು ಫೈಲಿನ ಪುಟದ ಮೇಲೇ ಬರೆಯುತ್ತದೆ. ಕೊನೆಯ ಪುಟ ಬೇರೆ ಕೋಣೆಗೆ ಬಿದ್ದರೆ ಅಥವಾ ಅಷ್ಟರಲ್ಲಿ ಪೈಪ್ ಖಾಲಿಯಾಗಿದ್ದರೆ ಏನೂ ಆಗುವುದಿಲ್ಲ. ದೋಷ ಅಪರೂಪಕ್ಕೆ ಕಾಣುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಎಂಟೇ ಬೈಟ್ ಯಾಕೆ? ಜಿಪ್ ತಯಾರಿಸುವಾಗ ಜಿಜಿಪ್‌ನ ಬಾಲ ಬೇಕಿಲ್ಲ, ಹಾಗಾಗಿ ಆ ಎಂಟು ಬೈಟ್‌ಗಳನ್ನು ಬಿಟ್ಟು ಸ್ಪ್ಲೈಸ್ ಮಾಡಿರುತ್ತಾರೆ. ಶೀರ್ಷಿಕೆ ಪೂರ್ತಿಯಾಗಿಯೇ ಪುಟದ ಮೇಲೆ ಬಿದ್ದಿರುತ್ತದೆ. ಆದರೆ ಪುಟದ ಮೇಲೆ ಹೀಗೆ ಬರೆದದ್ದರಿಂದ ಫೈಲಿನ ಉದ್ದ ಬೆಳೆಯುವುದಿಲ್ಲ. ಫೈಲಿನ ಲೆಕ್ಕದೊಳಗೆ ಉಳಿದಿದ್ದ ಜಾಗ ಎಂಟು ಬೈಟ್, ಕಂಡದ್ದೂ ಅಷ್ಟೇ.

ರಾತ್ರೋರಾತ್ರಿ ದೊಡ್ಡದಾದದ್ದು

ಫೈಲಿಗೆ ಇನ್ನೊಬ್ಬರು ಬರೆಯುತ್ತಿರುವಾಗ ಮಾತ್ರ, ಅದೂ ಹೊತ್ತು ಸರಿಯಾಗಿ ಕೂಡಿದರೆ ಮಾತ್ರ ಇದು ನಡೆಯುತ್ತದೆ ಎಂದು ಮೊದಲು ಅನಿಸಿತ್ತು. ಫ್ಲ್ಯಾಗ್‌ನ ಕಥೆ ಗೊತ್ತಾದ ಮೇಲೆ ಅದೃಷ್ಟದ ಅಗತ್ಯವೇ ಉಳಿಯಲಿಲ್ಲ. ಪೈಪನ್ನು ಏನಾದರೊಂದರಿಂದ ಪೂರ್ತಿ ತುಂಬಿಸಬೇಕು, ಎಲ್ಲ ಕೋಣೆಗಳ ಫ್ಲ್ಯಾಗ್ ಏರುತ್ತದೆ. ಪೂರ್ತಿ ಖಾಲಿ ಮಾಡಬೇಕು, ಫ್ಲ್ಯಾಗ್ ಉಳಿಯುತ್ತದೆ. ಬೇಕಾದ ಫೈಲಿನಿಂದ ಒಂದು ಬೈಟ್ ಸ್ಪ್ಲೈಸ್ ಮಾಡಿ, ಹಿಂದೆಯೇ ಬೇಕಾದದ್ದನ್ನು ಪೈಪಿಗೆ ಬರೆದರೆ ಅದು ಆ ಫೈಲಿನ ಪುಟದ ಮೇಲೆ ಬೀಳುತ್ತದೆ. ಫೈಲನ್ನು ಓದುವ ಅನುಮತಿ ಇದ್ದರೆ ಸಾಕು.

ಮಿತಿಗಳು ಇಲ್ಲದಿಲ್ಲ. ಪುಟದ ಮೊದಲ ಬೈಟನ್ನು ಮುಟ್ಟಲಾಗದು, ಪುಟದ ಅಂಚು ದಾಟಲಾಗದು, ಫೈಲನ್ನು ಉದ್ದ ಮಾಡಲಾಗದು. ಆದರೆ ಬಳಕೆದಾರರ ಪಟ್ಟಿಯಿರುವ ಪಾಸ್‌ವರ್ಡ್ ಫೈಲನ್ನು ಲಿನಕ್ಸ್‌ನಲ್ಲಿ ಎಲ್ಲರೂ ಓದಬಹುದು. ಅದರಲ್ಲಿ ಕೆಲವು ಅಕ್ಷರ ಬದಲಿಸಿದರೆ ಸಾಮಾನ್ಯ ಬಳಕೆದಾರ ರೂಟ್, ಅಂದರೆ ಎಲ್ಲ ಅಧಿಕಾರವುಳ್ಳ ಬಳಕೆದಾರ, ಆಗುತ್ತಾನೆ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಓದಲಷ್ಟೇ ಇರುವ ಸ್ನ್ಯಾಪ್‌ಶಾಟ್, ಓದಲಷ್ಟೇ ಮೌಂಟ್ ಮಾಡಿದ ಸಿಡಿ, ಬದಲಾಯಿಸಬಾರದೆಂದು ಬೀಗ ಹಾಕಿದ ಫೈಲ್, ಯಾವುದಕ್ಕೂ ರಕ್ಷಣೆಯಿಲ್ಲ, ಏಕೆಂದರೆ ಆ ತಡೆಗಳೆಲ್ಲ ಬರೆಯುವ ದಾರಿಯಲ್ಲಿವೆ, ಪೈಪಿನ ದಾರಿಯಲ್ಲಿಲ್ಲ. ಇನ್ನೂ ಕೆಟ್ಟ ಸಂಗತಿ, ಪುಟ ಬದಲಾಗಿದೆಯೆಂದು ಕರ್ನಲ್‌ಗೇ ತಿಳಿಯುವುದಿಲ್ಲ. ಬೇರೆ ಯಾರೂ ಆ ಫೈಲಿಗೆ ಬರೆಯದಿದ್ದರೆ ಬದಲಾದ ಪುಟ ಡಿಸ್ಕಿಗೆ ಹೋಗುವುದೇ ಇಲ್ಲ. ಯಂತ್ರ ಮತ್ತೆ ಚಾಲೂ ಆದಾಗ ಕುರುಹು ಅಳಿಸಿಹೋಗಿರುತ್ತದೆ. 2016ರ ಡರ್ಟಿ ಕೌ ಎಂಬ ಇಂಥದೇ ಕರ್ನಲ್ ದೋಷ ನೆನಪಾಗಿ ಡರ್ಟಿ ಪೈಪ್ ಎಂಬ ಹೆಸರು ಬಂದದ್ದು, ಆದರೆ ಇದನ್ನು ಬಳಸುವುದು ಅದಕ್ಕಿಂತ ಸುಲಭವಾಗಿತ್ತು. ಡರ್ಟಿ ಕೌಗೆ ಏಕಕಾಲಕ್ಕೆ ಓಡುವ ಎರಡು ಥ್ರೆಡ್‌ಗಳ ಓಟದಲ್ಲಿ ಗೆಲ್ಲಬೇಕಿತ್ತು.

ಪ್ಯಾಚ್

ಫೆಬ್ರವರಿ 20ರಂದು ದೋಷದ ವರದಿ, ಅದನ್ನು ತೋರಿಸುವ ಪ್ರೋಗ್ರಾಂ, ಪ್ಯಾಚ್ ಮೂರೂ ಕರ್ನಲ್‌ನ ಭದ್ರತಾ ತಂಡಕ್ಕೆ ಹೋದವು. ಮರುದಿನ ಗೂಗಲ್ ಪಿಕ್ಸೆಲ್ 6 ಫೋನಿನಲ್ಲೂ ದೋಷ ಕಂಡು ಆಂಡ್ರಾಯ್ಡ್ ತಂಡಕ್ಕೂ ತಿಳಿಸಲಾಯಿತು. ಅದೇ ದಿನ ಕರ್ನಲ್ ಕಟ್ಟುವವರಾದ ಲಿನಸ್ ಟೊರ್ವಾಲ್ಡ್ಸ್, ವಿಲ್ಲಿ ಟಾರೊ, ಅಲ್ ವಿರೊ ಅವರ ಸಲಹೆಯಂತೆ ಪ್ಯಾಚನ್ನು ಎಲ್ಲರಿಗೂ ಕಾಣುವಂತೆ ಕಳಿಸಿದರು, ಭದ್ರತೆಯ ಮಾತೆತ್ತದೆ. ಫೆಬ್ರವರಿ 23ಕ್ಕೆ ಈ ಪ್ಯಾಚ್ ಸೇರಿದ ಕರ್ನಲ್‌ನ 5.16.11, 5.15.25, 5.10.102 ಆವೃತ್ತಿಗಳು ಹೊರಬಂದವು. ವಿತರಣೆಗಳನ್ನು ಕಟ್ಟುವವರಿಗೆ 28ರಂದು ಸೂಚನೆ ಹೋಯಿತು, ಪೂರ್ತಿ ವಿವರ ಮಾರ್ಚ್ 7ರಂದು ಬಹಿರಂಗವಾಯಿತು. ಪ್ಯಾಚಿನಲ್ಲಿದ್ದದ್ದು ಎರಡೇ ಸಾಲು. 2016ರ ಆ ಎರಡು ಫಂಕ್ಷನ್‌ಗಳಲ್ಲಿ ಒಂದೊಂದು ಕಡೆ, ಫ್ಲ್ಯಾಗ್‌ಗಳು ಸೊನ್ನೆ.

ಬೈಸೆಕ್ಟ್ ತೋರಿಸಿದ 2020ರ ಕಮಿಟನ್ನು ಹಿಂತೆಗೆದುಕೊಂಡಿದ್ದರೂ ಪರೀಕ್ಷೆಯ ಪ್ರೋಗ್ರಾಂ ಬಾಯಿ ಮುಚ್ಚುತ್ತಿತ್ತು, ಗ್ರಾಹಕರ ದೂರೂ ನಿಲ್ಲುತ್ತಿತ್ತು. ಆದರೆ ಸೊನ್ನೆಯಾಗದ ಫ್ಲ್ಯಾಗ್ ಹಾಗೇ ಉಳಿದು, ಮುಂದೆ ಯಾರಾದರೂ ಇನ್ನೊಂದು ಫ್ಲ್ಯಾಗ್ ತಂದ ದಿನ ಬೇರೆ ರೂಪದಲ್ಲಿ ಎದ್ದು ಬರುತ್ತಿತ್ತು. ದೋಷ ಮೊದಲು ಕಾಣಿಸಿದ್ದು ಯಾವ ಕಮಿಟ್‌ನಲ್ಲಿ ಎಂದು ಹೇಳುವುದಷ್ಟೇ ಬೈಸೆಕ್ಟ್‌ನ ಕೆಲಸ. ಕೆಲ್ಲರ್‌ಮನ್ ಅಲ್ಲಿಂದ ಇನ್ನೂ ಹಿಂದಕ್ಕೆ ಓದಿಕೊಂಡು ಹೋದರು. ಪ್ಯಾಚಿನ ಜೊತೆಗಿನ ಟಿಪ್ಪಣಿಯೂ ತಾನು ಸರಿಪಡಿಸುತ್ತಿರುವುದು 2016ರ ಕಮಿಟನ್ನು ಎಂದೇ ಹೇಳುತ್ತದೆ, 2020ರದರ ಹೆಸರನ್ನೇ ಎತ್ತುವುದಿಲ್ಲ. ಇದು 2020ರ ಬದಲಾವಣೆ ಮಾಡಿದವರಿಗೂ ಸಂದ ನ್ಯಾಯ, ಅವರ ಕೋಡ್ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು.

5.8ಕ್ಕಿಂತ ಹಳೆಯ ಕರ್ನಲ್ ಓಡಿಸುತ್ತಿದ್ದ ಸರ್ವರ್‌ಗಳಿಗೂ, ಆಗ ಮಾರುಕಟ್ಟೆಯಲ್ಲಿದ್ದ ಬಹುಪಾಲು ಆಂಡ್ರಾಯ್ಡ್ ಫೋನ್‌ಗಳಿಗೂ ಈ ದಾಳಿಯ ಭಯವಿರಲಿಲ್ಲ. ಹೊಸ ಕರ್ನಲ್ ಹಾಕಿಕೊಂಡವರೇ ಅಪಾಯದಲ್ಲಿದ್ದದ್ದು. ಇನ್ನು ಆ ಎರಡು ಸಾಲು ಸೇರಿದ್ದ ಪೈಪ್ ತುಂಬಿಸುವ ಕೋಡ್: 2023ರಲ್ಲಿ ಸ್ಪ್ಲೈಸ್ ದಾರಿಯನ್ನು ಹೊಸದಾಗಿ ಕಟ್ಟಿದಾಗ ಅದನ್ನು ಕರ್ನಲ್‌ನಿಂದ ಪೂರ್ತಿಯಾಗಿ ತೆಗೆದುಹಾಕಿದರು.